ಗಾರ್ಡನ್ ಕೆಲಸಕ್ಕೆ ತಂಡ ಇಳಿಸುವ ಮುಂಚೆ: ಮೇಸ್ತ್ರಿಗಳಿಗೂ ಗುತ್ತಿಗೆದಾರರಿಗೂ ಸುರಕ್ಷತೆಯ ಮಾರ್ಗದರ್ಶಿ

ಮೈಸೂರಿನ ಬಡಾವಣೆಗಳ ಮನೆತೋಟ, ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆ ಆವರಣ, ಮಂಡ್ಯದ ಕಲ್ಯಾಣಮಂಟಪಗಳ ಲಾನ್, ಹೆದ್ದಾರಿ ಪಕ್ಕದ ರೆಸಾರ್ಟ್. ಇಂಥ ಕಡೆ ನಾಲ್ಕರಿಂದ ಎಂಟು ಜನರ ತಂಡ ಕಟ್ಟಿಕೊಂಡು ಕೆಲಸ ಮಾಡಿಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಹೀಗಿರುತ್ತವೆ: ಹುಲ್ಲು ಕೊಯ್ಯುವ ಮೆಷಿನ್ ಹಿಡಿಯುವವನಿಗೆ ಎಂಥ ಕನ್ನಡಕ ಕೊಡಿಸಬೇಕು? ಲೈನ್ ಪಕ್ಕದ ಕೊಂಬೆಯನ್ನು ನಾವೇ ಕಡಿಯಬಹುದಾ? ಹಾವು ಕಚ್ಚಿದರೆ ಮೊದಲು ಏನು ಮಾಡಬೇಕು? ಕೈ ಕೊಯ್ದುಕೊಂಡರೆ ಆಸ್ಪತ್ರೆ ಖರ್ಚು ಯಾರದು? ತಂಡವನ್ನು ಕೆಲಸಕ್ಕೆ ಇಳಿಸುವ ಮೇಸ್ತ್ರಿಗೂ ಅವರಿಗೆ ಕೂಲಿ ಕೊಡುವ ಗುತ್ತಿಗೆದಾರರಿಗೂ ಈ ಲೇಖನ.

ಒಂದು ಮಾತು ಮೊದಲೇ ಹೇಳಬೇಕು. ಗಾರ್ಡನ್ ಕೆಲಸದ ಹೆಚ್ಚಿನ ಅಪಘಾತಗಳ ಹಿಂದೆ ಇರುವುದು ಅವಸರ. ಮೆಷಿನ್ ಆಫ್ ಮಾಡಿ ಬ್ಲೇಡಿಗೆ ಸುತ್ತಿದ ಬಳ್ಳಿ ಬಿಡಿಸಲು ಎರಡು ನಿಮಿಷ ಬೇಕು. ಲೈನ್ ಆಫ್ ಮಾಡಿಸಲು ಅರ್ಧ ದಿನ ಕಾಯಬೇಕಾಗಬಹುದು. ಆ ಎರಡು ನಿಮಿಷಕ್ಕೂ ಆ ಅರ್ಧ ದಿನಕ್ಕೂ ಒಪ್ಪಂದದಲ್ಲಿ ಜಾಗವಿಲ್ಲದಿದ್ದರೆ ಯಾವ ಕೈಗವಸೂ ಕೈ ಉಳಿಸುವುದಿಲ್ಲ. ಅದಕ್ಕೇ ಮೊದಲ ಹಂತ ಮೆಷಿನ್ ಪಕ್ಕದಲ್ಲಿಲ್ಲ, ಕೊಟೇಶನ್ ಬರೆಯುವ ಮೇಜಿನ ಮೇಲಿದೆ.

1. ಕೊಟೇಶನ್ ಬರೆಯುವಾಗ

ಕೂಲಿ, ಪೆಟ್ರೋಲ್, ಗೊಬ್ಬರ, ಗಾಡಿ ಬಾಡಿಗೆ ಎಂದು ಸಾಲು ಬರೆಯುತ್ತೀರಲ್ಲ, ಅದರ ಜೊತೆಗೆ "ಸುರಕ್ಷತಾ ಸಾಮಗ್ರಿ ಮತ್ತು ತಯಾರಿ ಸಮಯ" ಎಂದು ಇನ್ನೊಂದು ಸಾಲು ಸೇರಿಸಿ. ಬೆಳಿಗ್ಗೆ ಜಾಗ ನೋಡಲು 20 ನಿಮಿಷ, ಮೆಷಿನ್ ಸ್ವಚ್ಛ ಮಾಡಲು ಸಂಜೆ 15 ನಿಮಿಷ, ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ಬಿಸಿಲಿನಲ್ಲಿ ಬಿಡುವು: ಇವೆಲ್ಲ ಕೂಲಿಯ ಸಮಯವೇ. ಸಾಲು ಕಣ್ಣಿಗೆ ಕಾಣುವಂತಿದ್ದರೆ ಮಾಲೀಕರು ಚೌಕಾಸಿ ಮಾಡುವಾಗ ಅದನ್ನು ಹೊಡೆದು ಹಾಕಲು ಹಿಂಜರಿಯುತ್ತಾರೆ. ಒಟ್ಟು ಮೊತ್ತದೊಳಗೆ ಅಡಗಿಸಿದರೆ ಮೊದಲು ಕತ್ತರಿ ಬೀಳುವುದು ಅದಕ್ಕೇ.

ನೀವು ಚದರಡಿ ಲೆಕ್ಕದಲ್ಲಿ ಗುತ್ತಿಗೆ ಹಿಡಿದರೂ ಮೆಷಿನ್ ಹಿಡಿಯುವವನಿಗೆ ದಿನಗೂಲಿಯನ್ನೇ ಕೊಡಿ. ಚದರಡಿಗೆ ಇಷ್ಟು ಎಂದು ಅವನಿಗೂ ಲೆಕ್ಕ ಹಾಕಿದರೆ ಮೆಷಿನ್ ನಿಲ್ಲಿಸಿದ ಪ್ರತಿ ನಿಮಿಷ ಅವನ ಜೇಬಿನಿಂದ ಹೋದಂತೆ. ಆಮೇಲೆ "ಆಫ್ ಮಾಡಿ ಕೈ ಹಾಕು" ಎಂದು ಎಷ್ಟು ಹೇಳಿದರೂ ಪ್ರಯೋಜನವಿಲ್ಲ.

ದಸರಾಕ್ಕೆ ಮುಂಚಿನ ವಾರಗಳಲ್ಲಿ ಮತ್ತು ಮದುವೆ ಸೀಸನ್‌ನಲ್ಲಿ "ನಾಳೆ ಬೆಳಿಗ್ಗೆ ಮುಹೂರ್ತ, ಇವತ್ತೇ ಲಾನ್ ಆಗಬೇಕು" ಎಂಬ ಫೋನ್ ಬರುತ್ತದೆ. ಒಪ್ಪಿಕೊಳ್ಳುವುದಾದರೆ ಜನ ಹೆಚ್ಚಿಸಿ, ಗಂಟೆ ಹೆಚ್ಚಿಸಬೇಡಿ. ಮಬ್ಬುಗತ್ತಲಲ್ಲಿ ಬ್ಲೇಡ್ ಮೆಷಿನ್ ಓಡಿಸುವುದಿಲ್ಲ ಎಂಬುದು ಒಪ್ಪಂದದಲ್ಲೇ ಇರಲಿ.

ಜಾಗದ ಮಾಲೀಕರಿಂದ ಆರು ವಿಷಯ ಕೇಳಿ ಬರೆದುಕೊಳ್ಳಿ: ನೆಲದಡಿ ಕರೆಂಟ್ ಕೇಬಲ್ ಎಲ್ಲಿ ಹೋಗಿದೆ, ಸ್ಪ್ರಿಂಕ್ಲರ್ ಪೈಪ್ ಎಲ್ಲಿದೆ, ಬೋರ್‌ವೆಲ್ ಮೋಟಾರ್ ಸ್ಟಾರ್ಟರ್ ಎಲ್ಲಿದೆ, ಸಂಪು ಮತ್ತು ಪಿಟ್‌ಗಳ ಮುಚ್ಚಳ ಎಲ್ಲಿವೆ, ಹೆಜ್ಜೇನು ಕಟ್ಟಿದೆಯೇ, ನಾಯಿ ಬಿಟ್ಟಿರುತ್ತಾರೆಯೇ. ಸಂಪು ಅಥವಾ ಪಿಟ್ ಒಳಗೆ ಇಳಿದು ಸ್ವಚ್ಛ ಮಾಡಿಕೊಡಿ ಎಂದರೆ ಕೈ ಮುಗಿದು ಬೇಡ ಎನ್ನಿ. ಮುಚ್ಚಿದ ಗುಂಡಿಯಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಇಳಿದವನ ಹಿಂದೆ ಅವನನ್ನು ಎತ್ತಲು ಇಳಿದವನೂ ಸಾಯುತ್ತಾನೆ.

2. ಸಾಮಗ್ರಿ

ಪ್ರತಿಯೊಬ್ಬರಿಗೂ ಅವರವರದೇ ಇರಬೇಕಾದದ್ದು: ಮುಂಭಾಗದಲ್ಲಿ ಉಕ್ಕಿನ ಟೋಪಿಯಿರುವ ಸೇಫ್ಟಿ ಶೂ (ಐಎಸ್ 15298 ಗುರುತು; ಐಎಸ್ ಅಂದರೆ ಭಾರತೀಯ ಮಾನಕ), ಸೇಫ್ಟಿ ಕನ್ನಡಕ (ಐಎಸ್ 5983), ತುಂಬುತೋಳಿನ ದಪ್ಪ ಅಂಗಿ, ಪ್ಯಾಂಟ್, ದಪ್ಪ ಕೈಗವಸು, ಕಿವಿಗೆ ಪ್ಲಗ್. ಮರದ ಕೆಲಸವಿದ್ದರೆ ಗದ್ದದ ಪಟ್ಟಿಯಿರುವ ಹೆಲ್ಮೆಟ್ (ಐಎಸ್ 2925). ಎತ್ತರದಲ್ಲಿ ನಿಲ್ಲುವವರಿಗೆ ಮೈಗೆ ಪೂರ್ತಿ ಬಿಗಿಯುವ ಸೇಫ್ಟಿ ಬೆಲ್ಟ್ (ಐಎಸ್ 3521). ಬ್ರಷ್ ಕಟರ್ (ಹುಲ್ಲು, ಪೊದೆ ಕೊಯ್ಯುವ ಮೆಷಿನ್) ಹಿಡಿಯುವವನಿಗೆ ಮೊಣಕಾಲಿಂದ ಪಾದದವರೆಗೆ ಲೆಗ್ ಗಾರ್ಡ್, ಮುಖಕ್ಕೆ ಜಾಲರಿ ಶೀಲ್ಡ್, ಕಿವಿ ಮುಚ್ಚುವ ಇಯರ್ ಮಫ್. ಔಷಧಿ ಹೊಡೆಯುವವನಿಗೆ ಉದ್ದನೆಯ ನೈಟ್ರೈಲ್ ಕೈಗವಸು (ರಾಸಾಯನಿಕ ಒಳಗಿಳಿಯದ ಒಂದು ಬಗೆಯ ರಬ್ಬರ್), ಗಂಬೂಟು, ಮಾಸ್ಕ್.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು. ಕೂಲಿಂಗ್ ಗ್ಲಾಸ್ ಸೇಫ್ಟಿ ಕನ್ನಡಕವಲ್ಲ, ಕಲ್ಲು ಬಡಿದರೆ ಅದರ ಚೂರೇ ಕಣ್ಣಿಗೆ ಹೋಗುತ್ತದೆ. ಜಾಲರಿ ಶೀಲ್ಡ್ ಕಲ್ಲು ತಡೆಯುತ್ತದೆ, ಆದರೆ ಮರಳಿನ ಕಣ ತಡೆಯುವುದಿಲ್ಲ, ಹಾಗಾಗಿ ಅದರೊಳಗೆ ಕನ್ನಡಕವೂ ಬೇಕು. ಗೀರು ಬಿದ್ದು ಮಂಜಾದ ಕನ್ನಡಕ ಹಣೆ ಮೇಲೆ ಏರಿ ಕೂರುತ್ತದೆ. ಬೈಯುವ ಬದಲು ಹೊಸದು ಕೊಡಿಸಿ. ಹೆಗಲ ಮೇಲಿನ ಟವೆಲ್, ಎತ್ತಿ ಕಟ್ಟಿದ ಲುಂಗಿ, ಕುತ್ತಿಗೆಯ ದಾರ, ಇವು ತಿರುಗುವ ಮೆಷಿನ್ ಹತ್ತಿರ ಬರಕೂಡದು.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿ ಹೇಳಬೇಕು, ಏಕೆಂದರೆ ಬಹಳ ಕಡೆ ಅವರಿಗೆ ಏನೂ ಕೊಡುವುದಿಲ್ಲ. ಶೂ ತರುವಾಗ ಗಂಡಸರ ಅಳತೆಯದನ್ನೇ ತಂದರೆ ಅದು ಸಡಿಲವಾಗಿ ಅವರು ಚಪ್ಪಲಿಗೇ ಮರಳುತ್ತಾರೆ. ಕಾಲಿನ ಅಳತೆ ತೆಗೆದುಕೊಂಡು ಹೋಗಿ. ಗದ್ದೆ ಕೆಲಸದಲ್ಲಿ ಸೀರೆ ಮೇಲೆ ಅಂಗಿ ತೊಡುವ ರೂಢಿ ಇಲ್ಲೂ ಒಳ್ಳೆಯದು: ಸೆರಗು ಒಳಗೆ ಸಿಕ್ಕಿಸಿದಂತೆಯೂ ಆಯಿತು, ತೋಳು ಮುಚ್ಚಿದಂತೆಯೂ ಆಯಿತು. ಕೊಯ್ದ ಹುಲ್ಲು ಗುಡಿಸಿ ಎತ್ತುವವರು ಹೆಚ್ಚಾಗಿ ಅವರೇ. ಮೆಷಿನ್‌ಗೆ ಅತಿ ಹತ್ತಿರ ಇರುವವರೂ ಅವರೇ. ಆದ್ದರಿಂದ ಕನ್ನಡಕ ಅವರಿಗೂ ಬೇಕು.

3. ಮೆಷಿನ್ ಸ್ಟಾರ್ಟ್ ಮಾಡುವ ಮುಂಚೆ ನಡೆದು ನೋಡುವುದು

ಇಬ್ಬರು ಎರಡು ಮೂಲೆಯಿಂದ ಹೊರಟು ಜಾಗವನ್ನೆಲ್ಲ ನಡೆಯಬೇಕು. ಕೈಯಲ್ಲಿ ಬಾಣಲಿ, ಒಂದಷ್ಟು ಕೆಂಪು ಬಟ್ಟೆ ಕಟ್ಟಿದ ಕಡ್ಡಿ. ಕಲ್ಲು, ಬಾಟಲಿ ಚೂರು, ಬೈಂಡಿಂಗ್ ವೈರ್, ಮದುವೆ ಮಂಟಪದವರು ಬಿಟ್ಟುಹೋದ ಮೊಳೆ, ಶಾಮಿಯಾನದ ಗೂಟ, ಎಲ್ಲ ಬಾಣಲಿಗೆ ಬರಲಿ. ಎತ್ತಲಾಗದ್ದರ ಪಕ್ಕ, ಅಂದರೆ ಸ್ಪ್ರಿಂಕ್ಲರ್ ತಲೆ, ವಾಲ್ವ್ ಬಾಕ್ಸ್, ಕಡಿದ ಮರದ ಮೋಟು, ಗುಂಡಿ ಇವುಗಳ ಪಕ್ಕ ಕಡ್ಡಿ ನೆಡಿ. ಒಂದು ಸಲ ತಲೆ ಎತ್ತಿ ಮೇಲೂ ನೋಡಿ: ಒಣಗಿ ನೇತಾಡುವ ತೆಂಗಿನ ಗರಿ, ಮುರಿದ ಕೊಂಬೆ, ಜೇನು, ಲೈನ್. ಕಬ್ಬಿನ ಗದ್ದೆಗೆ ಹೊಂದಿದ ಜಾಗವಾದರೆ ಬೆಳಕು ಪೂರ್ತಿ ಹರಿಯದೆ ಅಂಚಿಗೆ ಹೋಗಬೇಡಿ. ಕಬ್ಬಿನಲ್ಲಿ ಚಿರತೆ ಮರಿ ಹಾಕುವುದು ಮಂಡ್ಯ ಕಡೆಯವರಿಗೆ ಹೊಸದಲ್ಲ.

4. ಬ್ರಷ್ ಕಟರ್

ಗೂಟದಂಥ ಉದ್ದ ಕೊಳವೆಯ ತುದಿಯಲ್ಲಿ ಬ್ಲೇಡ್ ಅಥವಾ ನೈಲಾನ್ ದಾರ ತಿರುಗುವ ಮೆಷಿನ್ ಇದು. ತಂಡದಲ್ಲಿ ದಿನವಿಡೀ ಓಡುವುದೂ ಇದೇ, ಗಾಯ ಮಾಡುವುದೂ ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಪೆಟ್ರೋಲ್. ಟೂ-ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ಬೆರೆಸಬೇಕು: ಕೈಪಿಡಿಯಲ್ಲಿ 25:1 ಎಂದಿದ್ದರೆ ಲೀಟರಿಗೆ 40 ಮಿ.ಲೀ., 50:1 ಎಂದಿದ್ದರೆ 20 ಮಿ.ಲೀ. ಫೋರ್-ಸ್ಟ್ರೋಕ್‌ಗೆ ಬೆರೆಸಬಾರದು, ಅದರ ಆಯಿಲ್ ಬೇರೆ ಜಾಗಕ್ಕೆ ಹೋಗುತ್ತದೆ. ಕ್ಯಾನ್ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ಬಿಸಿ ಎಂಜಿನ್‌ಗೆ ಪೆಟ್ರೋಲ್ ಸುರಿಯಬೇಡಿ, ಹತ್ತು ನಿಮಿಷ ಆರಲಿ. ತುಂಬಿದ ಜಾಗದಲ್ಲೇ ಸ್ಟಾರ್ಟ್ ಮಾಡದೆ ಮೂರು ಮೀಟರ್ ಆಚೆ ತಂದು ಸ್ಟಾರ್ಟ್ ಮಾಡಿ. ಬೀಡಿ, ಸಿಗರೇಟ್ ಹತ್ತಿರ ಬರಬಾರದು.

ಗಾರ್ಡ್ ಬಿಚ್ಚಿದ ಮೆಷಿನ್ ಕೆಲಸಕ್ಕೆ ಬರಬಾರದು. ಹುಲ್ಲು ಸಿಕ್ಕಿಕೊಳ್ಳುತ್ತದೆ ಎಂದು ಅದನ್ನು ಬಿಚ್ಚಿಡುವ ಚಾಳಿ ಎಲ್ಲ ಕಡೆ ಇದೆ. ಕಲ್ಲು ಹಾರಿದಾಗ ನಿಮ್ಮ ಕಾಲಿಗೂ ಬ್ಲೇಡಿಗೂ ನಡುವೆ ಇರುವುದು ಅದೊಂದೇ. ನೈಲಾನ್ ದಾರದ ಬದಲು ಬೈಂಡಿಂಗ್ ವೈರೋ ಬೈಕಿನ ಕ್ಲಚ್ ವೈರೋ ಕಟ್ಟುವುದು ಇನ್ನೂ ಕೆಟ್ಟ ಚಾಳಿ. ತಂತಿ ತುಂಡಾದರೆ ಗುಂಡಿನಂತೆ ಹೋಗುತ್ತದೆ. ಲಾನ್ ಅಂಚಿಗೂ ಗೋಡೆ ಪಕ್ಕಕ್ಕೂ ನೈಲಾನ್ ದಾರ, ದಪ್ಪ ಕಳೆಗೆ ಮೂರು ಹಲ್ಲಿನ ಬ್ಲೇಡ್, ಪೊದೆಯ ಕಾಂಡಕ್ಕೆ ಗರಗಸ ಹಲ್ಲಿನ ಬ್ಲೇಡ್. ಕಲ್ಲಿರುವ ಕಡೆ ಬ್ಲೇಡ್ ಬೇಡ.

ಬೆಲ್ಟ್ ಹಾಕಿಕೊಂಡು ಎರಡೂ ಹ್ಯಾಂಡಲ್ ಹಿಡಿದು ನಿಂತಾಗ ಮೆಷಿನ್ ಕೈಬಿಟ್ಟರೂ ಬ್ಲೇಡ್ ನೆಲಕ್ಕೆ ಸಮಾನಾಂತರವಾಗಿ ತೂಗಬೇಕು, ಬೆಲ್ಟಿನ ಉದ್ದ ಹಾಗೆ ಸರಿಮಾಡಿ. ಸ್ಟಾರ್ಟ್ ಆದಮೇಲೆ ಆಕ್ಸಲರೇಟರ್ ಬಿಟ್ಟು ನೋಡಿ. ಬಿಟ್ಟರೂ ಬ್ಲೇಡ್ ತಿರುಗುತ್ತಲೇ ಇದ್ದರೆ ಐಡ್ಲಿಂಗ್ ಜಾಸ್ತಿಯಾಗಿದೆ ಅಥವಾ ಕ್ಲಚ್ ಹಾಳಾಗಿದೆ. ಸರಿಮಾಡಿಸುವವರೆಗೆ ಬಳಸಬೇಡಿ.

ಈಗ ಕೊಯ್ಯುವ ರೀತಿ. ಬ್ಲೇಡನ್ನು ಗಡಿಯಾರದ ಮುಖ ಎಂದುಕೊಳ್ಳಿ, ನಿಮ್ಮಿಂದ ದೂರದ ತುದಿ 12 ಗಂಟೆ. ಹೆಚ್ಚಿನ ಬ್ರಷ್ ಕಟರ್‌ಗಳಲ್ಲಿ ಮೇಲಿಂದ ನೋಡಿದರೆ ಬ್ಲೇಡ್ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಆದ್ದರಿಂದ ಬಲದಿಂದ ಎಡಕ್ಕೆ ಬೀಸಿ ಕೊಯ್ಯಬೇಕು. ಕೊಯ್ಯಬೇಕಾದ್ದು ಎಡ-ಮುಂಭಾಗದಿಂದ, ಅಂದರೆ ಸುಮಾರು 8ರಿಂದ 11 ಗಂಟೆಯ ಭಾಗದಿಂದ. 12ರಿಂದ 3ರವರೆಗಿನ ಭಾಗ ಗಟ್ಟಿ ಕಾಂಡಕ್ಕೋ ಕಲ್ಲಿಗೋ ತಾಗಿದರೆ ಮೆಷಿನ್ ಬಲಕ್ಕೆ ಜಾಡಿಸಿ ಒದೆಯುತ್ತದೆ. ಹಿಡಿದವನ ಹಿಡಿತ ಎಷ್ಟೇ ಗಟ್ಟಿಯಿದ್ದರೂ ಆ ಒದೆಯನ್ನು ತಡೆಯುವಷ್ಟು ಸಮಯ ಸಿಗುವುದಿಲ್ಲ. ಬಲಪಕ್ಕ ಯಾರಾದರೂ ನಿಂತಿದ್ದರೆ ಕಾಲಿಗೇ ಬೀಳುತ್ತದೆ. ಅದಕ್ಕೇ ಸುತ್ತ 15 ಮೀಟರ್, ಅಂದರೆ ಸುಮಾರು 50 ಅಡಿಯೊಳಗೆ ಯಾರೂ ಇರಕೂಡದು: ಹುಲ್ಲು ಗುಡಿಸುವವರೂ, ನೀರು ಕೊಡಲು ಬಂದವರೂ, ಮೇಸ್ತ್ರಿಯೂ. ಕರೆಯಬೇಕಾದರೆ ಎದುರಿಗೆ ದೂರದಲ್ಲಿ ನಿಂತು ಕೈ ಬೀಸಿ, ಹಿಂದಿನಿಂದ ಹೋಗಿ ಭುಜ ತಟ್ಟಬೇಡಿ. ಪಕ್ಕದಲ್ಲಿ ಕಾರುಗಳಿದ್ದರೆ ತೆಗೆಸಿ ಅಥವಾ ದಪ್ಪ ಟಾರ್ಪಾಲ್ ಅಡ್ಡ ಹಿಡಿಸಿ.

ಬೆರಳು ಹೋಗುವ ಸಂದರ್ಭ ಒಂದೇ ಬಗೆಯದು. ಬಳ್ಳಿ ಅಥವಾ ಹಸಿ ಹುಲ್ಲು ಗೇರ್ ಹೆಡ್ಡಿಗೆ ಸುತ್ತಿಕೊಂಡು ಬ್ಲೇಡ್ ನಿಲ್ಲುತ್ತದೆ. ಎಂಜಿನ್ ಮಾತ್ರ ಓಡುತ್ತಲೇ ಇರುತ್ತದೆ. ಬ್ಲೇಡ್ ನಿಂತಿದೆ ಎಂದು ಕೈ ಹಾಕಿ ಬಳ್ಳಿ ಎಳೆದ ಕ್ಷಣ ಅದು ಬಿಡಿಸಿಕೊಂಡು ತಿರುಗುತ್ತದೆ. ಸರಿಯಾದ ಕ್ರಮ ಹೀಗೆ: ಸ್ಟಾಪ್ ಸ್ವಿಚ್ ಒತ್ತಿ, ಎಂಜಿನ್ ಸದ್ದು ಪೂರ್ತಿ ನಿಲ್ಲಲಿ. ಮೆಷಿನ್ ನೆಲಕ್ಕಿಡಿ. ಪ್ಲಗ್ ಕ್ಯಾಪ್ ಕಿತ್ತು ಪಕ್ಕಕ್ಕೆ ಸರಿಸಿ. ಕೈಗವಸು ಹಾಕಿಕೊಂಡು ಕಡ್ಡಿಯಿಂದಲೋ ಚಾಕುವಿನಿಂದಲೋ ಬಳ್ಳಿ ತೆಗೆಯಿರಿ. ಮತ್ತೆ ಸ್ಟಾರ್ಟ್ ಮಾಡುವ ಮುಂಚೆ ಗಾರ್ಡ್ ಅಲುಗಾಡುತ್ತಿಲ್ಲ ಎಂದು ಒಮ್ಮೆ ಕೈಯಿಂದ ನೋಡಿ.

ಬ್ಲೇಡ್ ಬದಲಿಸುವಾಗ ಹೊಸಬರು ನಟ್ ಬಿಚ್ಚಲಾರದೆ ಒದ್ದಾಡಿ ಕೈ ಜಾರಿ ಕೊಯ್ದುಕೊಳ್ಳುತ್ತಾರೆ. ಇದರ ನಟ್‌ಗೆ ಸಾಮಾನ್ಯವಾಗಿ ಉಲ್ಟಾ ಥ್ರೆಡ್ ಇರುತ್ತದೆ: ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಸಡಿಲ, ವಿರುದ್ಧ ತಿರುಗಿಸಿದರೆ ಬಿಗಿ. ಗೇರ್ ಹೆಡ್ಡಿನ ತೂತಿಗೆ ಲಾಕ್ ಪಿನ್ ಹಾಕಿ ಬ್ಲೇಡ್ ಅಲುಗಾಡದಂತೆ ನಿಲ್ಲಿಸಿಯೇ ಬಿಚ್ಚಿ. ಬರಿಗೈಯಲ್ಲಿ ಸಲೀಸಾಗಿ ತಿರುಗುವಷ್ಟು ಸವೆದ ಲಾಕ್ ನಟ್ ಮತ್ತೆ ಹಾಕಬೇಡಿ. ಬಿರುಕು ಬಿಟ್ಟ ಬ್ಲೇಡನ್ನು ವೆಲ್ಡ್ ಮಾಡಿಸಿ ಹಾಕುವುದು ಖಂಡಿತ ಬೇಡ.

ಒಬ್ಬನೇ ದಿನವಿಡೀ ಓಡಿಸಿದರೆ ನಡುಕದಿಂದ ಬೆರಳು ಜೋಮು ಹಿಡಿಯುತ್ತದೆ, ವರ್ಷಗಳಾದ ಮೇಲೆ ಬೆರಳ ತುದಿ ಬಿಳಿಚುತ್ತದೆ, ಸಣ್ಣ ವಸ್ತು ಹಿಡಿಯಲು ಬರುವುದಿಲ್ಲ. ಕಿವಿಯೂ ಹಾಗೆಯೇ, ಒಮ್ಮೆ ಮಂದವಾದರೆ ಮರಳಿ ಬಾರದು. ಇಬ್ಬರನ್ನು ತಯಾರು ಮಾಡಿ, ಮುಕ್ಕಾಲು ಗಂಟೆಗೊಮ್ಮೆ ಬದಲಿಸಿ.

5. ಲಾನ್ ಮೂವರ್, ಹೆಡ್ಜ್ ಟ್ರಿಮ್ಮರ್

ಮೂವರ್‌ಗೂ ಮೇಲಿನ ನಿಯಮವೇ: ಪ್ಲಗ್ ಕ್ಯಾಪ್ ಕೀಳದೆ ಅಥವಾ ಪಿನ್ ಸಾಕೆಟ್‌ನಿಂದ ತೆಗೆಯದೆ ಅಡಿಗೆ ಕೈ ಹಾಕಬೇಡಿ. ಇಳಿಜಾರಿನಲ್ಲಿ ತಳ್ಳುವ ಮೂವರನ್ನು ಅಡ್ಡಡ್ಡಲಾಗಿ ಓಡಿಸಿ. ಮೇಲೆ ಕೆಳಗೆ ತಳ್ಳಿದರೆ ಕಾಲು ಜಾರಿ ಅಡಿಗೆ ಹೋಗುತ್ತದೆ. ಹಿಂದಕ್ಕೆ ಎಳೆಯುವ ಅಭ್ಯಾಸವೂ ಅದೇ ಕಾರಣಕ್ಕೆ ಬೇಡ.

ಕರೆಂಟಿನ ಮೆಷಿನ್‌ಗಳಿಗೆ ಆರ್‌ಸಿಸಿಬಿ ಇರುವ ಬೋರ್ಡ್ ಬಳಸಿ. ಕರೆಂಟ್ ಮೈಗೋ ನೆಲಕ್ಕೋ ಸೋರಿದರೆ ತಕ್ಷಣ ತಾನೇ ಕಡಿದುಹಾಕುವ ಸ್ವಿಚ್ ಅದು, 30 ಮಿಲಿ ಆಂಪಿಯರ್‌ದು ಬೇಕು. ಟೇಪ್ ಸುತ್ತಿದ ಜಾಯಿಂಟ್ ಇರುವ ವೈರ್ ಬೇಡ. ವೈರ್ ಹೆಗಲ ಮೇಲಿಂದ ಹಿಂದಕ್ಕೆ ಹೋಗಲಿ, ಮುಂದೆ ಬಿದ್ದಿದ್ದರೆ ಟ್ರಿಮ್ಮರ್ ಅದನ್ನೇ ಕತ್ತರಿಸುತ್ತದೆ. ಹುಲ್ಲು ಒದ್ದೆಯಿದ್ದರೆ ಕರೆಂಟ್ ಮೆಷಿನ್ ಹೊರಗೆ ತೆಗೆಯಬೇಡಿ.

6. ಏಣಿ, ಕೊಂಬೆ, ಚೈನ್ ಸಾ

ಮರವನ್ನೇ ಕಡಿಯುವುದಾದರೆ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರಂತೆ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕು. "ನಮ್ಮ ಕಾಂಪೌಂಡಿನೊಳಗಿನ ಮರ" ಎಂದು ಮಾಲೀಕರು ಹೇಳಿದ ಮಾತ್ರಕ್ಕೆ ಕೈ ಹಾಕಬೇಡಿ. ಅನುಮತಿ ಪತ್ರ ಕಣ್ಣಾರೆ ನೋಡಿ.

ಒರಗಿಸುವ ಏಣಿಯ ಬುಡ, ಪ್ರತಿ 4 ಅಡಿ ಎತ್ತರಕ್ಕೆ 1 ಅಡಿ ಹೊರಗಿರಲಿ. 12 ಅಡಿಗೆ ಒರಗಿಸಿದರೆ ಬುಡ 3 ಅಡಿ ಆಚೆ. ತುದಿಯನ್ನು ಹಗ್ಗದಿಂದ ಕಾಂಡಕ್ಕೆ ಕಟ್ಟಿ, ಒಬ್ಬರು ಬುಡ ಹಿಡಿಯಲಿ. ನೀವು ಕಡಿಯುವ ಕೊಂಬೆಗೇ ಏಣಿ ಒರಗಿಸಬೇಡಿ. ತೂಕ ಇಳಿದ ಕೂಡಲೇ ಕೊಂಬೆ ಮೇಲಕ್ಕೆ ಚಿಮ್ಮಿ ಏಣಿ ಜಾರುತ್ತದೆ. ನುಗ್ಗೆ, ಗುಲ್‌ಮೊಹರ್ ಮರಗಳ ಕೊಂಬೆ ಮೇಲೆ ಕಾಲಿಡಬೇಡಿ, ದಪ್ಪವಾಗಿ ಕಂಡರೂ ಪಟಕ್ಕನೆ ಮುರಿಯುತ್ತವೆ. ಮಾವಿನ ಮರವಾದರೆ ಹತ್ತುವ ಮುಂಚೆ ಕೆಂಜಿಗದ ಗೂಡು ನೋಡಿಕೊಳ್ಳಿ. ಇರುವೆ ಕಚ್ಚಿತೆಂದು ಎರಡೂ ಕೈ ಬಿಟ್ಟು ಬಿದ್ದವರಿದ್ದಾರೆ.

ಕೊಂಬೆಗೆ ಮೂರು ಕೊಯ್ತ. ಮೊದಲನೆಯದು ಅಡಿಯಿಂದ, ಕಾಂಡದಿಂದ ಒಂದು ಅಡಿ ಆಚೆ, ಕೊಂಬೆಯ ದಪ್ಪದ ಮೂರರಲ್ಲೊಂದು ಭಾಗದಷ್ಟು ಆಳ. ಎರಡನೆಯದು ಮೇಲಿಂದ, ಮೊದಲ ಕೊಯ್ತಕ್ಕಿಂತ ಎರಡು ಮೂರು ಇಂಚು ಹೊರಗೆ. ಇಲ್ಲಿಗೆ ಕೊಂಬೆ ಬೀಳುತ್ತದೆ, ಸಣ್ಣ ಮೋಟು ಉಳಿಯುತ್ತದೆ. ಮೂರನೆಯದು ಮೋಟು ತೆಗೆಯಲು, ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿಕೊಂಡಿರುತ್ತದಲ್ಲ, ಆ ಉಬ್ಬನ್ನು ಬಿಟ್ಟು ಅದರ ಹೊರಗೆ. ಮೇಲಿಂದ ಒಂದೇ ಸಲ ಕೊಯ್ದರೆ ಅರ್ಧಕ್ಕೆ ಬಂದಾಗ ಕೊಂಬೆ ಜೋತುಬಿದ್ದು ತೊಗಟೆ ಸಮೇತ ಸೀಳಿಕೊಂಡು ಏಣಿಯ ಕಡೆಗೇ ತೂಗುತ್ತದೆ. ಮಣಿಕಟ್ಟಿಗಿಂತ ದಪ್ಪನೆಯ ಕೊಂಬೆಯನ್ನು ಮೇಲಿನ ಕವಲಿನ ಮೇಲೆ ಹಗ್ಗ ಹಾಯಿಸಿ ಕಟ್ಟಿ ಇಳಿಸಿ. ಹಗ್ಗ ಹಿಡಿದವರು ಅದನ್ನು ಕೈಗೆ ಸುತ್ತಿಕೊಳ್ಳಬಾರದು.

ಏಣಿ ಮೇಲೆ ಚೈನ್ ಸಾ ಬೇಡವೇ ಬೇಡ. ಮೇಲೆ ಕೈಗರಗಸ, ಕೆಳಗೆ ಬಿದ್ದ ಮೇಲೆ ಚೈನ್ ಸಾ. ಅದರ ಪಟ್ಟಿಯ ಮೂತಿಯ ಮೇಲ್ಭಾಗ ಏನಕ್ಕಾದರೂ ತಾಗಿದರೆ ಗರಗಸ ಚಿಮ್ಮಿ ಮುಖಕ್ಕೆ ಬರುತ್ತದೆ. ಹಾಗಾಗಿ ಎರಡೂ ಕೈ, ಎಡ ಹೆಬ್ಬೆರಳು ಹ್ಯಾಂಡಲ್ ಸುತ್ತ, ಭುಜದಿಂದ ಕೆಳಗೆ ಮಾತ್ರ ಕೊಯ್ತ, ತಲೆ ಮತ್ತು ಮೈ ಪಟ್ಟಿಯ ನೇರಕ್ಕೆ ಬರದಂತೆ ಎಡಕ್ಕೆ. ದಿನಾ ಬೆಳಿಗ್ಗೆ ಚೈನ್ ಬ್ರೇಕ್ ಹಿಡಿಯುತ್ತದೆಯೇ ನೋಡಿ. ಮೊಂಡಾದ ಚೈನ್ ಹರಿತವಾದದ್ದಕ್ಕಿಂತ ಅಪಾಯ, ಅದನ್ನು ಒತ್ತಿ ಒತ್ತಿ ಕೊಯ್ಯಬೇಕಾಗುತ್ತದೆ. ಬಿಳಿ ಪುಡಿ ಉದುರಿದರೆ ಮೊಂಡಾಗಿದೆ, ಚಕ್ಕೆ ಉದುರಿದರೆ ಸರಿಯಿದೆ.

ತೆಂಗಿನ ಮರ ಹತ್ತುವುದು ಬೇರೆಯೇ ಕಸುಬು. ಅದನ್ನು ಕಲಿತವರನ್ನೇ ಕರೆಸಿ, ಅವರು ಮೇಲಿರುವಾಗ ಮರದಡಿ ಯಾರೂ ಹೋಗದಂತೆ ಹಗ್ಗ ಕಟ್ಟಿ.

7. ಕರೆಂಟ್ ಲೈನ್

ಸರಸ್ವತಿಪುರಂ, ಕುವೆಂಪುನಗರದಂಥ ಹಳೇ ಬಡಾವಣೆಗಳ ರಸ್ತೆಯಂಚಿನಲ್ಲಿ ಮರವೂ ಲೈನೂ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಏಣಿ, ಗಳ, ಕೊಂಬೆ, ಮನುಷ್ಯ, ಯಾವುದೂ ಲೈನಿನಿಂದ 3 ಮೀಟರ್ ಒಳಗೆ ಬರಕೂಡದು. ಬೀಳುವ ಕೊಂಬೆ ಎಲ್ಲಿಗೆ ಬೀಳುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅದಕ್ಕಿಂತ ಹತ್ತಿರವಿದ್ದರೆ ಈ ಭಾಗದ ವಿದ್ಯುತ್ ಕಂಪನಿ ಸೆಸ್ಕ್‌ನ 1912ಕ್ಕೆ ಫೋನ್ ಮಾಡಿ ದೂರು ಸಂಖ್ಯೆ ಪಡೆಯಿರಿ, ಲೈನ್‌ಮ್ಯಾನ್ ಬಂದು ಲೈನ್ ಆಫ್ ಮಾಡಿ ಸರಿ ಎನ್ನುವವರೆಗೆ ಕಾಯಿರಿ. ಮನೆಯ ಮೇನ್ ಸ್ವಿಚ್ ಆಫ್ ಮಾಡಿದರೆ ಬೀದಿಯ ಲೈನ್ ಆಫ್ ಆಗುವುದಿಲ್ಲ. "ಕರೆಂಟ್ ಹೋಗಿದೆ, ಬೇಗ ಕಡಿದುಬಿಡಿ" ಎಂದು ಯಾರು ಹೇಳಿದರೂ ಕೇಳಬೇಡಿ, ಅದು ಯಾವ ಕ್ಷಣದಲ್ಲಾದರೂ ಬರಬಹುದು.

ಅಲ್ಯೂಮಿನಿಯಂ ಏಣಿ, ಅಲ್ಯೂಮಿನಿಯಂ ದೋಟಿ ಲೈನ್ ಇರುವ ಕಡೆಗೆ ತರಲೇಬೇಡಿ. ಬಿದಿರಿನ ಗಳವೂ ಹಸಿಯಾಗಿದ್ದರೆ ಅಥವಾ ಮಳೆಯಲ್ಲಿ ನೆನೆದಿದ್ದರೆ ಕರೆಂಟ್ ಹರಿಸುತ್ತದೆ, ಬಿದಿರು ಎಂಬ ನಂಬಿಕೆಯ ಮೇಲೆ ಹೋಗಬೇಡಿ.

ಯಾರಿಗಾದರೂ ಲೈನ್ ತಗುಲಿದರೆ ಓಡಿಹೋಗಿ ಹಿಡಿಯಬೇಡಿ. 1912 ಮತ್ತು 112ಕ್ಕೆ ಫೋನ್ ಮಾಡಿ. ತಂತಿ ನೆಲಕ್ಕೆ ಬಿದ್ದಿದ್ದರೆ 10 ಮೀಟರ್ ದೂರ ಇರಿ. ಈಗಾಗಲೇ ಹತ್ತಿರವಿದ್ದರೆ ಎರಡೂ ಪಾದ ಜೊತೆಗಿಟ್ಟು, ನೆಲದಿಂದ ಎತ್ತದೆ ಸಣ್ಣ ಸಣ್ಣದಾಗಿ ಸರಿಯುತ್ತ ದೂರ ಹೋಗಿ. ಉದ್ದ ಹೆಜ್ಜೆ ಹಾಕಿದರೆ ನೆಲದಲ್ಲಿ ಹರಡಿದ ಕರೆಂಟ್ ಒಂದು ಕಾಲಿನಿಂದ ಏರಿ ಇನ್ನೊಂದರಿಂದ ಇಳಿಯುತ್ತದೆ.

8. ಔಷಧಿ ಹೊಡೆಯುವಾಗ

ಡಬ್ಬದ ಮೇಲಿನ ಬಣ್ಣದ ಗುರುತು ನೋಡಿ: ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಮನೆ, ಶಾಲೆ, ಕಲ್ಯಾಣಮಂಟಪದ ತೋಟಕ್ಕೆ ಕೆಂಪು ಗುರುತಿನದು ತರಬೇಡಿ. ಅಳತೆ ಲೇಬಲ್‌ನಲ್ಲಿರುವಷ್ಟೇ. "ಸ್ವಲ್ಪ ಸ್ಟ್ರಾಂಗ್ ಇರಲಿ" ಎಂದರೆ ಹುಳಕ್ಕಿಂತ ಹೊಡೆಯುವವನಿಗೆ ಹೆಚ್ಚು ತಾಗುತ್ತದೆ. ಬೆಳಿಗ್ಗೆ ಗಾಳಿಯಿಲ್ಲದಾಗ, ಗಾಳಿಗೆ ಬೆನ್ನು ಕೊಟ್ಟು, ಹಿಂದಕ್ಕೆ ನಡೆಯುತ್ತ ಹೊಡೆಯಿರಿ. ಕಟ್ಟಿದ ನಾಜಲ್ ಬಾಯಲ್ಲಿ ಊದಬೇಡಿ, ಹಳೇ ಟೂತ್‌ಬ್ರಷ್ ಇಟ್ಟುಕೊಳ್ಳಿ. ಉಳಿದ ಔಷಧಿಯನ್ನು ನೀರಿನ ಬಾಟಲಿಗೆ ಸುರಿದಿಡುವುದು ಮಕ್ಕಳ ಪ್ರಾಣಕ್ಕೆ ಎರವಾಗುವ ತಪ್ಪು. ಖಾಲಿ ಡಬ್ಬ ಮೂರು ಸಲ ತೊಳೆದು, ಆ ನೀರನ್ನು ಪಂಪಿಗೇ ಹಾಕಿ, ಡಬ್ಬಕ್ಕೆ ತೂತು ಮಾಡಿ.

ಹೊಡೆದವನಿಗೆ ವಿಪರೀತ ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜಾಗುವುದು ಕಂಡರೆ ಬಟ್ಟೆ ಕಳಚಿ, ಸೋಪಿನಲ್ಲಿ ಮೈ ತೊಳೆದು, ಔಷಧಿಯ ಡಬ್ಬ ಜೊತೆಯಲ್ಲಿಟ್ಟುಕೊಂಡು ಆಸ್ಪತ್ರೆಗೆ ಒಯ್ಯಿರಿ. ವಾಂತಿ ಮಾಡಿಸಲು ಹೋಗಬೇಡಿ. ಕಣ್ಣಿಗೆ ಬಿದ್ದರೆ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಎಕ್ಕ, ಕಳ್ಳಿಯ ಹಾಲು ಕಣ್ಣಿಗೆ ಹಾರಿದರೂ ಇದೇ ಉಪಚಾರ. ಕಣಗಿಲೆ ಕಡ್ಡಿ ಕತ್ತರಿಸಿದ್ದನ್ನು ಸುಡಬೇಡಿ, ಹೊಗೆಯೂ ವಿಷ. ಪಾರ್ಥೇನಿಯಂ ಗಿಡವನ್ನು ಹೂ ಬಿಡುವ ಮುಂಚೆ ಕೀಳಿಸಿ, ಮೈ ಕೆರೆತ ಇರುವವರನ್ನು ಆ ಕೆಲಸಕ್ಕೆ ಹಾಕಬೇಡಿ.

9. ಹಾವು, ಹೆಜ್ಜೇನು

ತರಗೆಲೆ ರಾಶಿ, ತೆಂಗಿನ ಗರಿಯ ಒಟ್ಟು, ಕಲ್ಲುಗುಡ್ಡೆ, ಮಗುಚಿಟ್ಟ ಕುಂಡ, ಇವಕ್ಕೆ ಕೈ ಹಾಕುವ ಮುಂಚೆ ಉದ್ದ ಕೋಲಿನಿಂದ ಕದಲಿಸಿ ಎರಡು ಹೆಜ್ಜೆ ಹಿಂದೆ ನಿಲ್ಲಿ. ಕೊಳಕುಮಂಡಲ ಮಣ್ಣಿನ ಬಣ್ಣದಲ್ಲಿ ಎಲೆಗಳ ನಡುವೆ ಬೆರೆತುಹೋಗುತ್ತದೆ, ಓಡಿಹೋಗದೆ ಅಲ್ಲೇ ಮಲಗಿರುತ್ತದೆ.

ಕಚ್ಚಿದರೆ: ಕಚ್ಚಿಸಿಕೊಂಡವರನ್ನು ಮಲಗಿಸಿ, ಉಂಗುರ, ಬಳೆ, ಕಾಲುಂಗುರ ತೆಗೆಯಿರಿ (ಊದಿಕೊಂಡ ಮೇಲೆ ಬರುವುದಿಲ್ಲ). ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ದಬ್ಬೆ ಇಟ್ಟು ಸಡಿಲವಾಗಿ ಕಟ್ಟಿ. ಬಿಗಿಯಾಗಿ ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು, ನಾಟಿ ಮದ್ದು, ಮಂತ್ರ ಯಾವುದೂ ಬೇಡ. ನಡೆಸಬೇಡಿ, ಎತ್ತಿಕೊಂಡು ಹೋಗಿ. 108ಕ್ಕೆ ಫೋನ್ ಮಾಡಿ, ತಡವಾಗುವುದಾದರೆ ನಿಮ್ಮ ಗಾಡಿಯಲ್ಲೇ ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್‌ನಂಥ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ವಿಷಕ್ಕೆ ಮದ್ದು ಆಸ್ಪತ್ರೆಯ ಇಂಜೆಕ್ಷನ್ ಮಾತ್ರ. ಹಾವನ್ನು ಹುಡುಕಿ ಹೊಡೆಯಲು ಸಮಯ ಕಳೆಯಬೇಡಿ. 2024ರ ಫೆಬ್ರುವರಿಯಿಂದ ರಾಜ್ಯದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು.

ಹೆಜ್ಜೇನು ಇರುವ ಮರ, ಓವರ್‌ಹೆಡ್ ಟ್ಯಾಂಕ್ ಅಥವಾ ಕಟ್ಟಡದ ಸಜ್ಜದ ಹತ್ತಿರ ಮೆಷಿನ್ ಓಡಿಸಬೇಡಿ, ಸದ್ದಿಗೂ ನಡುಕಕ್ಕೂ ಅವು ಏಳುತ್ತವೆ. ಎದ್ದರೆ ಮೆಷಿನ್ ಬಿಸಾಡಿ, ಬಟ್ಟೆಯಿಂದ ಮುಖ ಮುಚ್ಚಿಕೊಂಡು ನೇರವಾಗಿ ಕಟ್ಟಡ ಅಥವಾ ವಾಹನದೊಳಕ್ಕೆ ಓಡಿ. ನೀರಿಗೆ ಹಾರಬೇಡಿ, ಅವು ಮೇಲೆಯೇ ಕಾದಿರುತ್ತವೆ. ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ, ಅಥವಾ ಹತ್ತಾರು ಕಡೆ ಕಚ್ಚಿದ್ದರೆ ಕೂಡಲೇ 108.

10. ಬಿಸಿಲು, ಸಿಡಿಲು

ಬಿಸಿಲಿನಲ್ಲಿ ಪ್ರತಿ 20 ನಿಮಿಷಕ್ಕೆ ಒಂದು ದೊಡ್ಡ ಲೋಟ, ಸುಮಾರು 250 ಮಿ.ಲೀ. ನೀರು. ತಲೆಗೆ ದಿನಕ್ಕೆ 5 ಲೀಟರ್ ಲೆಕ್ಕದಲ್ಲಿ ಕ್ಯಾನ್ ತುಂಬಿಸಿಕೊಂಡು ಹೋಗಿ, ಮಾಲೀಕರ ಮನೆಯ ನಲ್ಲಿ ನೆಚ್ಚಿಕೊಳ್ಳಬೇಡಿ. ಉಪ್ಪು ಹಾಕಿದ ನೀರುಮಜ್ಜಿಗೆ ಒಳ್ಳೆಯದು. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮರೆಯಾಗಿ ಹೋಗಲು ಜಾಗವಿಲ್ಲವೆಂದು ಹೆಣ್ಣಾಳುಗಳು ನೀರನ್ನೇ ಕುಡಿಯದೆ ದಿನ ಕಳೆಯುತ್ತಾರೆ. ಶೌಚಾಲಯದ ವ್ಯವಸ್ಥೆಯನ್ನು ಕೊಟೇಶನ್ ದಿನವೇ ಕೇಳಿ.

ಹೊಸಬರು, ಊರಹಬ್ಬಕ್ಕೆ ಹೋಗಿ ಎರಡು ವಾರ ಬಿಟ್ಟು ಬಂದವರು ಮೊದಲ ನಾಲ್ಕೈದು ದಿನ ಅರ್ಧ ಭಾರದ ಕೆಲಸ ಮಾಡಲಿ. ಬಿಸಿಲಿಗೆ ಮೈ ಒಗ್ಗಲು ಅಷ್ಟು ಬೇಕು. ಮಾತು ತೊದಲುವುದು, ತಬ್ಬಿಬ್ಬಾಗುವುದು, ಮೈ ಕಾದ ಹಂಚಿನಂತಾಗುವುದು ಕಂಡರೆ ಅದು ಬಿಸಿಲಾಘಾತ. ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ 108ಕ್ಕೆ ಫೋನ್ ಮಾಡಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮೇಲೆ ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಕೆಲಸ ನಿಲ್ಲಿಸಿ ಕಟ್ಟಡ ಅಥವಾ ಮುಚ್ಚಿದ ವಾಹನದೊಳಗೆ ಹೋಗಿ. ಮರದಡಿ ನಿಲ್ಲಬೇಡಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ.

11. ರಸ್ತೆ ಬದಿ, ನಾಲೆ ಬದಿ

ರಸ್ತೆ ವಿಭಜಕದಲ್ಲಿ ಕೆಲಸವಿದ್ದರೆ ಹೊಳೆಯುವ ಪಟ್ಟಿಯ ಜಾಕೆಟ್, ವಾಹನ ಬರುವ ದಿಕ್ಕಿನಲ್ಲಿ ಸಾಲಾಗಿ ಕೋನ್, ಬಾವುಟ ಹಿಡಿದ ಒಬ್ಬ. ಆ ಒಬ್ಬನಿಗೆ ಬೇರೆ ಕೆಲಸ ಹೇಳಬೇಡಿ. ಮಂಡ್ಯ ಸೀಮೆಯ ವಿಶ್ವೇಶ್ವರಯ್ಯ ನಾಲೆಯ ಅಂಚಿನಲ್ಲಿ ಹುಲ್ಲು ಕೊಯ್ಯುವಾಗ ಒಬ್ಬರೇ ಇರಬಾರದು. ಗಾರೆ ಮಾಡಿದ ಇಳಿಜಾರು ಪಾಚಿಗಟ್ಟಿರುತ್ತದೆ, ಬಿದ್ದವರು ಈಜು ಬಂದರೂ ಮೇಲೆ ಹತ್ತಲಾರರು. ದಪ್ಪ ಹಗ್ಗ ದಡದಲ್ಲಿ ಸಿದ್ಧವಿರಲಿ.

12. ಪೆಟ್ಟಾದಾಗ, ಮತ್ತು ಅದರ ಖರ್ಚು

ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಎತ್ತಿ ನೋಡದೆ ಒತ್ತಿ ಹಿಡಿಯಿರಿ. ಅರಿಶಿನ, ಕಾಫಿಪುಡಿ ತುಂಬಬೇಡಿ. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಆ ಕವರನ್ನು ಐಸ್ ಮೇಲಿಡಿ. ಬೆರಳಿಗೆ ಐಸ್ ನೇರವಾಗಿ ತಾಗಬಾರದು. ಧನುರ್ವಾಯುವಿನ ಚುಚ್ಚುಮದ್ದು ಯಾರಿಗೆ ಯಾವಾಗ ಆಗಿದೆ ಎಂದು ಬರೆದಿಡಿ, ಹತ್ತು ವರ್ಷಕ್ಕೊಮ್ಮೆ ಬೇಕು.

ಹತ್ತು ಅಥವಾ ಹೆಚ್ಚು ಜನ ನಿಮ್ಮಲ್ಲಿದ್ದು ತಿಂಗಳ ಕೂಲಿ ₹21,000ದ ಒಳಗಿದ್ದರೆ ಕಾರ್ಮಿಕರ ಸರ್ಕಾರಿ ವಿಮೆಯಾದ ಇಎಸ್‌ಐಗೆ ನೋಂದಾಯಿಸಬೇಕು. ತಂಡ ಅದಕ್ಕಿಂತ ಚಿಕ್ಕದಾದರೆ ಕನಿಷ್ಠ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ: 18ರಿಂದ 70 ವರ್ಷದವರಿಗೆ ವರ್ಷಕ್ಕೆ ₹20, ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಅಂಗವಿಕಲರಾದರೆ ₹2 ಲಕ್ಷ, ಒಂದು ಕಣ್ಣೋ ಕೈಯೋ ಕಾಲೋ ಹೋದರೆ ₹1 ಲಕ್ಷ. ಜೂನ್ 1ರಿಂದ ಮೇ 31ರವರೆಗೆ ಅದರ ವರ್ಷ. ಮೇ ಕೊನೆಯ ವಾರ ಎಲ್ಲರ ಬ್ಯಾಂಕ್ ಖಾತೆಯಲ್ಲಿ ₹20 ಇದೆಯೇ ಎಂದು ನೀವೇ ವಿಚಾರಿಸಿ, ಖಾತೆ ಖಾಲಿಯಿದ್ದರೆ ವಿಮೆ ತಪ್ಪಿಹೋಗುತ್ತದೆ. ಇದು ಆಸ್ಪತ್ರೆ ಬಿಲ್ ಕೊಡುವುದಿಲ್ಲ, ಅದನ್ನು ಗುತ್ತಿಗೆದಾರರು ಭರಿಸಬೇಕು.

ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಪೆಟ್ಟನ್ನೂ, ತಪ್ಪಿಹೋದ ಪೆಟ್ಟನ್ನೂ ತಾರೀಖು ಸಮೇತ ಬರೆದಿಡಿ: ಯಾವ ಮೆಷಿನ್, ಎಷ್ಟು ಗಂಟೆಗೆ, ಆಗ ಏನು ಅವಸರವಿತ್ತು. ಅದೇ ಜಾಗಕ್ಕೋ ಅಂಥದೇ ಕೆಲಸಕ್ಕೋ ಮುಂದಿನ ಕೊಟೇಶನ್ ಬರೆಯಲು ಕೂತಾಗ ಆ ಪುಟ ತೆರೆದು ಪಕ್ಕದಲ್ಲಿಟ್ಟುಕೊಳ್ಳಿ.